ಬೆಕ್ಕುಗಳ ಬೋರ್ಡಿಂಗ್: 6 × 4 ಮೀಟರ್ ಕೋಣೆ, ಪಕ್ಕದಲ್ಲೇ ತಾಯಿಬೆಕ್ಕು. ಹೇಗೆ ಹೊಂದಿಸುವುದು?

ಹೊಸ ಗೂಡು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮನೆಯವರು ಪ್ರಯಾಣ ಹೋದಾಗ ಅವರ ಬೆಕ್ಕುಗಳನ್ನು ನೋಡಿಕೊಳ್ಳುವ ಸಣ್ಣ ಬೋರ್ಡಿಂಗ್ ಶುರು ಮಾಡಬೇಕೆಂದಿದ್ದೇನೆ. ಕೋಣೆ 6 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರ. ಬಾಗಿಲು ಅಗಲದ ಬದಿಯಲ್ಲಿದೆ, ಅದರ ಎದುರಿಗೆ ಒಂದು ಕಿಟಕಿ. ನೆಲಕ್ಕೆ ಟೈಲ್ಸ್, ಒಂದು ಸ್ಪ್ಲಿಟ್ ಎಸಿ.

ಸದ್ಯದ ಯೋಜನೆ ಹೀಗಿದೆ: ಎರಡೂ ಉದ್ದದ ಗೋಡೆಗಳಿಗೆ 60 × 60 × 60 ಸೆಂ.ಮೀ. ತಂತಿ ಕೇಜ್‌ಗಳು, ಒಂದರ ಮೇಲೊಂದು, ಒಟ್ಟು ಹನ್ನೆರಡು. ಹಗಲು ಎರಡು ಗಂಟೆ ಎಲ್ಲ ಬೆಕ್ಕುಗಳನ್ನೂ ನಡುವಿನ ಜಾಗಕ್ಕೆ ಬಿಟ್ಟು ಆಡಿಸುವುದು. ದಿನಕ್ಕೆರಡು ಸಲ ಫಿನಾಯಿಲ್ ಹಾಕಿ ಒರೆಸುವುದು. ಲಸಿಕೆ ಕಾರ್ಡ್ ಇರುವ ಬೆಕ್ಕುಗಳಿಗೆ ಮಾತ್ರ ಪ್ರವೇಶ. ಪಕ್ಕದ ಕೋಣೆಯಲ್ಲಿ ನಮ್ಮ ಪರ್ಷಿಯನ್ ತಾಯಿಬೆಕ್ಕು ಇರುತ್ತದೆ, ವರ್ಷಕ್ಕೊಂದು ಸೂಲು ಮರಿ ಹಾಕಿಸುವ ಯೋಚನೆ.

ಇದರಲ್ಲಿ ಬದಲಿಸಬೇಕಾದ್ದೇನು? ಕೇಜ್‌ಗಳನ್ನು ಇನ್ನೂ ಆರ್ಡರ್ ಮಾಡಿಲ್ಲ, ಹಾಗಾಗಿ ನೇರವಾಗಿ ಹೇಳಿ.

ನಾಲ್ಕು ಕಾಲು:

ಆರ್ಡರ್ ಮಾಡದಿದ್ದದ್ದು ಒಳ್ಳೆಯದಾಯಿತು. ಆ ಕೋಣೆಗೆ ಹನ್ನೆರಡು ಕೇಜ್ ಅಲ್ಲ, ನಾಲ್ಕು ಗೂಡು. ಆಳು ಒಳಹೊಕ್ಕು ನೆಟ್ಟಗೆ ನಿಲ್ಲುವಂಥ ಗೂಡು.

60 ಸೆಂ.ಮೀ. ಕೇಜಿನಲ್ಲಿ ಲಿಟರ್ ಟ್ರೇ (ಬೆಕ್ಕಿನ ಕಕ್ಕಸಿಗೆ ಮರಳಿನಂಥ ಪುಡಿ, ಅಂದರೆ ಲಿಟರ್, ಹಾಕಿದ ತಟ್ಟೆ) ಇಟ್ಟ ಮೇಲೆ ಬೆಕ್ಕಿಗೆ ಮುದುಡಿ ಕೂರುವಷ್ಟೇ ಜಾಗ ಉಳಿಯುತ್ತದೆ. ಟ್ರೇಗೆ ಅಂಟಿಕೊಂಡೇ ಊಟ, ಊಟಕ್ಕೆ ಅಂಟಿಕೊಂಡೇ ಹಾಸಿಗೆ. ಇಂಥ ಕಡೆ ಬೆಕ್ಕು ಊಟ ಬಿಡುತ್ತದೆ, ಇಲ್ಲವೇ ಉಚ್ಚೆ ತಡೆದುಕೊಂಡು ಕೂರುತ್ತದೆ. ಊಟ, ಟ್ರೇ, ಮಲಗುವ ಜಾಗ ಮೂರೂ ಒಂದಕ್ಕೊಂದು ಕನಿಷ್ಠ 60 ಸೆಂ.ಮೀ. ದೂರವಿರಬೇಕು. ನಿಮ್ಮ ಕೇಜಿನ ಇಡೀ ಅಗಲವೇ ಅಷ್ಟು. ಕೆಳ ಅಂತಸ್ತಿನ ಬೆಕ್ಕಿನ ಪಾಡು ಇನ್ನೂ ಕಷ್ಟ: ಕತ್ತಲು, ಮೇಲಿನಿಂದ ಲಿಟರ್ ಧೂಳು, ಎದುರಿಗೆ ಬರೀ ಜನರ ಕಾಲು.

ಜಾಗ ಹಂಚುವುದು ಹೀಗೆ. ಬಾಗಿಲಿನಿಂದ ಒಳಕ್ಕೆ 1.2 ಮೀಟರ್ ಬಿಟ್ಟು ಅಡ್ಡಲಾಗಿ ಜಾಲರಿ ಗೋಡೆ ಎಬ್ಬಿಸಿ, ಅದಕ್ಕೆ ಎರಡನೇ ಬಾಗಿಲು ಇಡಿ. ಒಂದು ಬಾಗಿಲು ಹಾಕಿದ ಮೇಲೆಯೇ ಇನ್ನೊಂದನ್ನು ತೆರೆಯುವ ಪದ್ಧತಿ. ಬೆಕ್ಕು ತಪ್ಪಿಸಿಕೊಳ್ಳದಂತೆ ಕಾಯುವುದು ಈ ಎರಡು ಬಾಗಿಲು, ನಿಮ್ಮ ಎಚ್ಚರವಲ್ಲ. ಉಳಿದ 4.8 ಮೀಟರ್ ಉದ್ದಕ್ಕೆ ಒಂದೇ ಗೋಡೆಯ ಕಡೆ 1.2 ಮೀ. ಅಗಲ, 1.8 ಮೀ. ಆಳದ ನಾಲ್ಕು ಗೂಡು ಕೂರುತ್ತವೆ. ಒಂದೊಂದಕ್ಕೆ 2.16 ಚದರ ಮೀಟರ್ ನೆಲ. ಮುಂದೆ 2.2 ಮೀ. ಓಣಿ ಉಳಿಯುತ್ತದೆ. ಎದುರು ಗೋಡೆಗೂ ಗೂಡು ಜೋಡಿಸುವ ಆಸೆ ಬರುತ್ತದೆ, ಬೇಡ. ಬೆಕ್ಕು ಸೀನಿದರೆ ಹನಿ ಒಂದು ಮೀಟರಿಗಿಂತ ಆಚೆಗೂ ಹಾರುತ್ತದೆ. ಎರಡೂ ಕಡೆ ಗೂಡು ತುಂಬಿದರೆ ನಡುವಿನ ಓಣಿಗೆ ಉಳಿಯುವುದು 40 ಸೆಂ.ಮೀ. ಮಾತ್ರ, ಅಲ್ಲಿ ನೀವೇ ಓಡಾಡಲಾಗದು. ಆ ಗೋಡೆಗೆ ಸಿಂಕ್, ತೂಕದ ಯಂತ್ರ, ಸಾಮಾನಿನ ಕಪಾಟು ಇಡಿ.

ಗೂಡುಗಳ ನಡುವಿನ ತಡಿಕೆ ನೆಲದಿಂದ ತುದಿಯವರೆಗೆ ಗಟ್ಟಿ ಹಲಗೆಯದಾಗಿರಬೇಕು, ಜಾಲರಿ ಬೇಡವೇ ಬೇಡ. ಲ್ಯಾಮಿನೇಟ್ ಶೀಟ್ ಅಥವಾ ಮಸುಕು ಆಕ್ರಿಲಿಕ್ ಆದೀತು, ಸಂದುಗಳಿಗೆ ಸಿಲಿಕೋನ್ ತುಂಬಿ. ಸೀನು ತಡೆಯುವುದು ಒಂದು ಕಾರಣ. ಪರಿಚಯವಿಲ್ಲದ ಬೆಕ್ಕು ಪಕ್ಕದಿಂದ ದಿಟ್ಟಿಸಿ ನೋಡುತ್ತಿದ್ದರೆ ಈ ಕಡೆಯದು ಅದಕ್ಕೆ ಬೆನ್ನು ಹಾಕಿ ತಿನ್ನುವ ಧೈರ್ಯ ಮಾಡುವುದಿಲ್ಲ, ಅದು ಇನ್ನೊಂದು. ಮುಂಭಾಗ ಮತ್ತು ಮೇಲ್ಗಡೆ ಮಾತ್ರ 25 ಮಿ.ಮೀ. ಕಣ್ಣಿನ, 16 ಗೇಜ್ ವೆಲ್ಡ್ ಜಾಲರಿ. ಕೋಳಿಗೂಡಿನ ಷಟ್ಕೋನದ ತಂತಿ ಹಲ್ಲಿಗೆ ಬಗ್ಗುತ್ತದೆ. ಗೂಡಿನ ಬಾಗಿಲು ಒಳಕ್ಕೆ ತೆರೆಯಲಿ, ಚಿಲಕ ಎರಡೂ ಕಡೆಯಿಂದ ಹಾಕುವಂತಿರಲಿ. ಬಣ್ಣ ಬಳಿಯದ ಮರವನ್ನು ಎಲ್ಲೂ ಬಳಸಬೇಡಿ, ಉಚ್ಚೆ ಹೀರಿದರೆ ವಾಸನೆ ಹೋಗುವುದಿಲ್ಲ, ಕ್ರಿಮಿನಾಶಕವೂ ಒಳಗಿಳಿಯುವುದಿಲ್ಲ. ಟೈಲ್ಸ್ ಸಂದಿಗೂ ಎಪಾಕ್ಸಿ ಗ್ರೌಟ್ ಹಾಕಿಸಿ.

ಒಳಗೆ ಏನೇ ಇಲ್ಲದಿದ್ದರೂ ಅಡಗುವ ಪೆಟ್ಟಿಗೆ ಇರಲೇಬೇಕು. ಸುಮಾರು 40 × 40 × 35 ಸೆಂ.ಮೀ. ರಟ್ಟಿನ ಪೆಟ್ಟಿಗೆ ಸಾಕು, ಬೆಕ್ಕು ಹೋದ ಮೇಲೆ ಎಸೆಯಬಹುದು. ಅದರ ಬಾಯಿ ಗೂಡಿನ ಬಾಗಿಲ ಕಡೆ ಬೇಡ, ಪಕ್ಕಕ್ಕೆ ತಿರುಗಿಸಿ. ಹೊಸ ಜಾಗದಲ್ಲಿ ಅಡಗಲು ಮರೆ ಸಿಕ್ಕ ಬೆಕ್ಕು ಬೇಗ ಸುಧಾರಿಸಿಕೊಳ್ಳುತ್ತದೆ, ಬೇಗ ಉಣ್ಣುತ್ತದೆ. "ಯಾವಾಗಲೂ ಒಳಗೇ ಇರುತ್ತೆ" ಎಂದು ಪೆಟ್ಟಿಗೆ ತೆಗೆದರೆ ಅದು ಟ್ರೇ ಒಳಗೆ ಮಲಗಲು ಶುರು ಮಾಡುತ್ತದೆ. ಜೊತೆಗೆ 60 ಸೆಂ.ಮೀ.ಗೊಂದು ಮೆಟ್ಟಿಲು, 1.2 ಮೀ. ಎತ್ತರಕ್ಕೊಂದು ಹಲಗೆ. ವಯಸ್ಸಾದ ಬೆಕ್ಕಾದರೆ ಮೇಲಿನ ಹಲಗೆ ತೆಗೆದು ಕೆಳಗಿನದನ್ನು ಉಳಿಸಿ.

ಗಾಳಿ: ಕೋಣೆಯ ಗಾತ್ರ 72 ಘನ ಮೀಟರ್. ಗಂಟೆಗೆ 10 ಸಲ ಗಾಳಿ ಬದಲಾಗಬೇಕೆಂದರೆ ಎಕ್ಸಾಸ್ಟ್ ಗಂಟೆಗೆ 720 ಘನ ಮೀಟರ್ ಎಳೆಯಬೇಕು. ಸ್ಪ್ಲಿಟ್ ಎಸಿ ಇದಕ್ಕೆ ಲೆಕ್ಕವಿಲ್ಲ, ಅದು ಇದ್ದ ಗಾಳಿಯನ್ನೇ ತಿರುಗಿಸುತ್ತದೆ. ಹೊಸ ಗಾಳಿ ಓಣಿಯ ಕಡೆಯಿಂದ ಬರಬೇಕು, ಪ್ರತಿ ಗೂಡಿನ ಹಿಂಗೋಡೆಯ ಮೇಲ್ತುದಿಯಿಂದ ಹೊರಹೋಗಬೇಕು. ಹಾಗಾದರೆ ಒಂದರ ಉಸಿರು ಇನ್ನೊಂದರ ಗೂಡು ಹಾದು ಹೋಗುವುದಿಲ್ಲ. ಗೂಡಿಗೊಂದರಂತೆ 150 ಮಿ.ಮೀ. ಪೈಪ್ ಹಾಕಿ ಒಂದೇ ಡಕ್ಟಿಗೆ ಸೇರಿಸಿ. 100 ಮಿ.ಮೀ. ಹಾಕಿದರೆ ಗಾಳಿ ಸೆಕೆಂಡಿಗೆ 6 ಮೀಟರಿಗಿಂತ ಹೆಚ್ಚು ವೇಗದಲ್ಲಿ ನುಗ್ಗಿ ರಾತ್ರಿಯಿಡೀ ಸಿಳ್ಳೆ ಹೊಡೆಯುತ್ತದೆ. ತಾಪಮಾನ 18ರಿಂದ 26 ಡಿಗ್ರಿ ನಡುವೆ ಇರಲಿ.

ಎಲ್ಲವನ್ನೂ ಒಟ್ಟಿಗೆ ಆಡಲು ಬಿಡುವ ಮಾತು ಕೈಬಿಡಿ. ಬೇರೆ ಬೇರೆ ಮನೆಯ ಬೆಕ್ಕುಗಳು ನಾಲ್ಕು ದಿನದಲ್ಲಿ ಗೆಳೆತನ ಮಾಡುವುದಿಲ್ಲ. ಕಚ್ಚಿದ ಗಾಯ ಎರಡು ಮೂರು ದಿನದ ಮೇಲೆ ಕೀವು ಕಟ್ಟುತ್ತದೆ, ಅಷ್ಟರಲ್ಲಿ ಬೆಕ್ಕು ಮನೆ ಸೇರಿರುತ್ತದೆ. ಆಟವೆಲ್ಲ ಗೂಡಿನೊಳಗೇ, ಆ ಬೆಕ್ಕಿನದೇ ಆಟಿಕೆಯಲ್ಲಿ.

ವೆಟ್ ಟಿಪ್ಪಣಿ:

ನಾಲ್ಕು ಕಾಲು ಅವರು ಕಟ್ಟಡದ ಬಗ್ಗೆ ಹೇಳಬೇಕಾದ್ದೆಲ್ಲ ಹೇಳಿದ್ದಾರೆ. ನಾನು ಫಿನಾಯಿಲ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ಯೋಜನೆಯಲ್ಲಿ ನೇರವಾಗಿ ಬೆಕ್ಕಿಗೆ ವಿಷವಾಗುವುದು ಅದೇ.

ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕಲು ಲಿವರಿನಲ್ಲಿ ಇರಬೇಕಾದ ಗ್ಲೂಕುರೊನೈಡ್ ಜೋಡಣೆಯ ವ್ಯವಸ್ಥೆ ಬೆಕ್ಕಿನಲ್ಲಿ ತೀರಾ ದುರ್ಬಲ. ಒರೆಸಿದ ನೆಲದ ಮೇಲೆ ನಡೆಯುತ್ತದೆ, ಪಾದ ನೆಕ್ಕುತ್ತದೆ, ಒಳಗೆ ಸೇರುತ್ತದೆ. ಕಪ್ಪು ಫಿನಾಯಿಲ್, ಪೈನ್ ಎಣ್ಣೆಯ ಬಿಳಿ ಫಿನಾಯಿಲ್, ಕ್ಲೋರೊಕ್ಸೈಲೆನಾಲ್ ಇರುವ ಆಂಟಿಸೆಪ್ಟಿಕ್ ದ್ರಾವಣ, ಯಾವುದೂ ಬೇಡ. ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲುವುದಕ್ಕೂ ಮೂಲದಲ್ಲಿ ಇದೇ ದೌರ್ಬಲ್ಯ ಕಾರಣ.

ಬದಲಿಗೆ ಬ್ಲೀಚ್. ಬಾಟಲಿಯ ಮೇಲೆ ಸೋಡಿಯಂ ಹೈಪೊಕ್ಲೋರೈಟ್ 5ರಿಂದ 6 ಶೇಕಡಾ ಎಂದಿದ್ದರೆ ಒಂದು ಪಾಲಿಗೆ 32 ಪಾಲು ನೀರು, ಅಂದರೆ ಲೀಟರ್ ನೀರಿಗೆ ಸುಮಾರು 30 ಮಿ.ಲೀ. ಬೆಕ್ಕನ್ನು ಗೂಡಿನಿಂದ ಹೊರತೆಗೆದ ಮೇಲೆಯೇ ಈ ಕೆಲಸ. ಮೊದಲು ಕೂದಲು, ಲಿಟರ್, ಕೊಳೆ ತೆಗೆದು ಸೋಪಿನ ನೀರಿನಲ್ಲಿ ತೊಳೆದು ಜಾಲಿಸಿ. ಕೊಳೆಯ ಮೇಲೆ ಬ್ಲೀಚ್ ಹಾಕಿದರೆ ಅದರ ಶಕ್ತಿಯೆಲ್ಲ ಕೊಳೆಯ ಮೇಲೇ ಖರ್ಚಾಗುತ್ತದೆ. ಉಚ್ಚೆಯ ಮೇಲೆ ಹಾಕಿದರೆ ಅಮೋನಿಯ ಜೊತೆ ಸೇರಿ ಕಣ್ಣುರಿಸುವ ವಿಷದ ಹೊಗೆ ಏಳುತ್ತದೆ. ಬ್ಲೀಚ್ ನೀರು ಹತ್ತು ನಿಮಿಷ ಒದ್ದೆಯಾಗಿಯೇ ನಿಲ್ಲಬೇಕು. ಬಳಿದು ಕೂಡಲೇ ಒರೆಸಿದರೆ ಏನೂ ಸಾಯುವುದಿಲ್ಲ, ಜನ ಎಡವುವುದು ಇಲ್ಲೇ. ಆಮೇಲೆ ಶುದ್ಧ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಕಲಸಿಟ್ಟ ದ್ರಾವಣ 24 ಗಂಟೆಯಲ್ಲಿ ಸತ್ವ ಕಳೆದುಕೊಳ್ಳುತ್ತದೆ, ದಿನಾ ಹೊಸದು ಮಾಡಿ.

ಅಷ್ಟು ಕಟ್ಟುನಿಟ್ಟು ಯಾಕೆಂದರೆ ಪ್ಯಾನ್‌ಲ್ಯೂಕೋಪೀನಿಯ, ಅಂದರೆ ಬೆಕ್ಕಿನ ಪಾರ್ವೊ. ಈ ವೈರಸ್ ನೆಲ, ಬಟ್ಟೆ, ಸಂದಿಗಳಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಬೆನ್ಜಾಲ್ಕೋನಿಯಂನಂಥ ಸಾಮಾನ್ಯ ಕ್ರಿಮಿನಾಶಕಗಳಿಗೆ ಅದು ಜಗ್ಗುವುದಿಲ್ಲ. ಬೆಕ್ಕಿನ ಫ್ಲೂ ತರುವ ಎರಡರಲ್ಲಿ ಕ್ಯಾಲಿಸಿವೈರಸ್ ಕೂಡ ಅಂಥದ್ದೇ ಗಟ್ಟಿಗ, ಒಣ ಜಾಗದಲ್ಲಿ ವಾರಗಟ್ಟಲೆ ಬದುಕುತ್ತದೆ. ಇನ್ನೊಂದಾದ ಹರ್ಪಿಸ್‌ವೈರಸ್ ಹೊರಗೆ ಒಂದು ದಿನವೂ ಬಾಳುವುದಿಲ್ಲ. ಆದರೆ ಬೋರ್ಡಿಂಗ್ ನಡೆಸುವವರು ಸರಿಯಾಗಿ ಅರ್ಥಮಾಡಿಕೊಳ್ಳಬೇಕಾದ್ದು ಇದನ್ನೇ.

ಹರ್ಪಿಸ್ ಒಮ್ಮೆ ತಗುಲಿದ ಬೆಕ್ಕಿನ ನರಗಳಲ್ಲಿ ಜೀವನಪೂರ್ತಿ ಅಡಗಿ ಕೂತಿರುತ್ತದೆ. ಹೊಸ ಜಾಗದ ಗಾಬರಿಗೆ ಅದು ಮತ್ತೆ ಏಳುತ್ತದೆ. ಗಾಬರಿಯಾದ ಸುಮಾರು ಒಂದು ವಾರಕ್ಕೆ ವೈರಸ್ ಹೊರಬೀಳಲು ಶುರುವಾಗಿ, ಮುಂದೆ ಒಂದೆರಡು ವಾರ ನಡೆಯುತ್ತದೆ. ಬಂದ ದಿನ ಆರೋಗ್ಯವಾಗಿದ್ದ ಬೆಕ್ಕು ಏಳನೇ ದಿನ ಸೀನಿದರೆ ಅದು ಯಾರಿಂದಲೂ ಅಂಟಿಸಿಕೊಂಡಿರಬೇಕೆಂದಿಲ್ಲ, ತನ್ನದೇ ಹಳೆಯ ವೈರಸ್ ಇರಬಹುದು. ಹಾಗಾಗಿ ಪ್ರವೇಶದ ದಿನ ಎಷ್ಟೇ ಪರೀಕ್ಷೆ ಮಾಡಿದರೂ ಫ್ಲೂ ಬಾಗಿಲಲ್ಲೇ ನಿಲ್ಲುವುದಿಲ್ಲ. ಗಾಬರಿ ಕಡಿಮೆ ಮಾಡುವುದೇ ಇಲ್ಲಿ ಮದ್ದು. ಮೇಲೆ ಹೇಳಿದ ಪೆಟ್ಟಿಗೆ, ಮರೆ, ದೂರ ಇವೆಲ್ಲ ಬೆಕ್ಕಿನ ಮುದ್ದಿಗಾಗಿ ಮಾಡುವ ಅಲಂಕಾರವಲ್ಲ, ರೋಗ ತಡೆಯುವ ಕೆಲಸ. ಲೈಸಿನ್ ಪುಡಿ ಕೊಡಿ ಎಂದು ಕೆಲವರು ಡಬ್ಬಿ ಕೊಟ್ಟು ಹೋಗುತ್ತಾರೆ, ಅದರಿಂದ ಪ್ರಯೋಜನವಿಲ್ಲ.

ಲಸಿಕೆ ಕಾರ್ಡ್ ನೋಡುವಾಗ ತಾರೀಖು ನೋಡಿ. ಮರಿಗಳಿಗೆ 6ರಿಂದ 8 ವಾರದಲ್ಲಿ ಶುರುವಾಗುವ ಕೋರ್ ಲಸಿಕೆ (ಮೇಲೆ ಹೇಳಿದ ಮೂರು ವೈರಸ್‌ಗಳ ವಿರುದ್ಧದ್ದು) 3-4 ವಾರಕ್ಕೊಮ್ಮೆ, 16 ವಾರ ದಾಟುವವರೆಗೆ ಮುಂದುವರಿಯಬೇಕು. ತಾಯಿಯಿಂದ ಬಂದ ಪ್ರತಿಕಾಯಗಳು ಅಲ್ಲಿಯವರೆಗೂ ಲಸಿಕೆಯನ್ನು ವ್ಯರ್ಥ ಮಾಡಬಲ್ಲವು. 9 ಮತ್ತು 12 ವಾರಕ್ಕೆ ಎರಡು ಡೋಸ್ ಆಗಿ ಕಾರ್ಡ್ ಅಲ್ಲಿಗೇ ನಿಂತಿದ್ದರೆ ಮರಿಯನ್ನು ತೆಗೆದುಕೊಳ್ಳಬೇಡಿ. ದೊಡ್ಡ ಬೆಕ್ಕಿಗೂ ಕೊನೆಯ ಡೋಸ್ ಆಗಿ ಎರಡು ವಾರ ಕಳೆದಿರಲಿ. ರೇಬೀಸ್ ಬೇರೆ. ಫ್ಲೂ ಲಸಿಕೆ ಕಾಯಿಲೆಯ ತೀವ್ರತೆ ತಗ್ಗಿಸುತ್ತದೆಯೇ ಹೊರತು ಸೋಂಕನ್ನು ಪೂರ್ತಿ ತಡೆಯುವುದಿಲ್ಲ. ಲಸಿಕೆಯಾದ ಬೆಕ್ಕೂ ಇನ್ನೊಂದಕ್ಕೆ ಅಂಟಿಸೀತು.

ಗೂಡಿಗೊಂದು ಬಣ್ಣ ಗೊತ್ತುಮಾಡಿ: ಅದೇ ಬಣ್ಣದ ತಟ್ಟೆ, ಸೌಟು, ಬಟ್ಟೆ, ಬ್ರಷ್. ಸಾಮಾನು ಓಣಿ ದಾಟಬಾರದು. ಅದೇ ಬೆಕ್ಕು ಇನ್ನೂ ಇರುವ ದಿನಗಳಲ್ಲಿ ಇಡೀ ಗೂಡು ತೊಳೆಯಬೇಡಿ, ಕೊಳೆಯಾದ ಕಡೆ ಮಾತ್ರ ಒರೆಸಿ. ತನ್ನದೇ ವಾಸನೆ ದಿನಾ ಮಾಯವಾದರೆ ಬೆಕ್ಕು ದಿನಾ ಹೊಸ ಜಾಗಕ್ಕೆ ಬಂದಂತೆ ಬೆದರುತ್ತದೆ. ಪೂರ್ತಿ ತೊಳೆಯುವುದು ಬೆಕ್ಕು ಹೋದ ಮೇಲೆ.

ಹೊಸ ಗೂಡು:

ಇಬ್ಬರಿಗೂ ತುಂಬಾ ಧನ್ಯವಾದ. ನಾಲ್ಕು ಗೂಡು ಎಂದೇ ನಿರ್ಧಾರ, ಫಿನಾಯಿಲ್ ಹೊರಗೆ ಹೋಯಿತು. ಇನ್ನು ಕೆಲವು: ಒಂದೇ ಮನೆಯ ಎರಡು ಬೆಕ್ಕು ಬಂದರೆ ಒಂದೇ ಗೂಡಿನಲ್ಲಿ ಇಡಬಹುದೇ? ಊಟ ಮುಟ್ಟದ ಬೆಕ್ಕಿಗೆ ಎಷ್ಟು ಹೊತ್ತು ಕಾಯಬೇಕು? ಇನ್ಸುಲಿನ್ ತೆಗೆದುಕೊಳ್ಳುವ ಬೆಕ್ಕನ್ನು ಒಪ್ಪಿಕೊಳ್ಳಬಹುದೇ?

ಬೆಕ್ಕಿನ ಚಾಕರಿ:

ಎರಡು ಬೆಕ್ಕು ಒಂದೇ ಗೂಡಿನಲ್ಲಿ: ಮನೆಯಲ್ಲಿ ಮೈಗೆ ಮೈ ತಾಗಿಸಿ ಮಲಗುತ್ತವೆಯೇ, ಒಂದನ್ನೊಂದು ನೆಕ್ಕುತ್ತವೆಯೇ ಎಂದು ಮಾಲೀಕರನ್ನು ಕೇಳಿ. ಹೌದಾದರೆ ಇಡಿ, ಆದರೆ ಎರಡು ಪೆಟ್ಟಿಗೆ, ಎರಡು ಟ್ರೇ, ಊಟ ಎರಡು ಮೂಲೆಯಲ್ಲಿ. ಒಂದೇ ಸೂರಿನಡಿ ದೂರ ದೂರ ಇರುವ ಜೋಡಿಯಾದರೆ ಬೇರೆ ಬೇರೆ ಗೂಡು. ಜೋಡಿಯಾಗಿ ಇಟ್ಟಾಗ ಯಾವುದು ತಿಂದಿತು, ಯಾವುದು ಉಚ್ಚೆ ಹೊಯ್ದಿತು ಎಂದು ಗೊತ್ತಾಗುವುದಿಲ್ಲ. ಊಟದ ಹೊತ್ತಿಗಾದರೂ ಒಂದನ್ನು ಓಣಿಯ ಕಡೆ ತಂದು ತಿನ್ನಿಸಿ, ಆಗ ಬೇರೆ ಗೂಡುಗಳ ಬಾಗಿಲು ಮುಚ್ಚಿರಲಿ. ಮುಗಿದ ಮೇಲೆ ಆ ನೆಲ ಒರೆಸಿ.

ಊಟದ ಪ್ರಶ್ನೆ ತುಂಬಾ ಮುಖ್ಯ. ಹಾಕಿದ್ದನ್ನೂ ಉಳಿದದ್ದನ್ನೂ ಗ್ರಾಂ ಲೆಕ್ಕದಲ್ಲಿ ತೂಗಿ ಬರೆಯಿರಿ. "ಸ್ವಲ್ಪ ತಿಂದಿದೆ" ಎಂಬ ಟಿಪ್ಪಣಿಯಿಂದ ಮಾರನೆಯ ದಿನ ಏನೂ ಗೊತ್ತಾಗುವುದಿಲ್ಲ. 4 ಕೆ.ಜಿ. ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 240 ಕ್ಯಾಲೊರಿ ಬೇಕು. ಮೊದಲ ಸಂಜೆ ಮುಟ್ಟದಿದ್ದರೆ ಗಾಬರಿ ಬೇಡ, ರಾತ್ರಿ ದೀಪ ಆರಿದ ಮೇಲೆ ತಿನ್ನುವುದು ಮಾಮೂಲು. 24 ಗಂಟೆಯಾದರೂ ಏನೂ ಹೋಗದಿದ್ದರೆ ಹಸಿ ಆಹಾರವನ್ನು ಮೈಯ ಬಿಸಿಗೆ, ಅಂದರೆ 38 ಡಿಗ್ರಿಗೆ ಬೆಚ್ಚಗೆ ಮಾಡಿ, ಅಗಲವಾದ ತಟ್ಟೆಯಲ್ಲಿ, ಪೆಟ್ಟಿಗೆಯ ಬಾಯಿಯ ಹತ್ತಿರ ಇಟ್ಟು ನೀವು ಆಚೆ ಹೋಗಿ. ಎದುರಿಗೆ ಕೂತು ಮುದ್ದು ಮಾಡುತ್ತಿದ್ದರೆ ಅದು ತಿನ್ನದು. ಮಾಲೀಕರಿಗೆ ಆಗಲೇ ತಿಳಿಸಿ. 48 ಗಂಟೆ ಆಗುವ ಮುಂಚೆ ವೈದ್ಯರ ಬಳಿ. ಬೆಕ್ಕು ಉಪವಾಸ ಬಿದ್ದರೆ ಮೈಯ ಕೊಬ್ಬು ಲಿವರಿಗೆ ತುಂಬಿಕೊಂಡು ಲಿವರೇ ಕೆಡುತ್ತದೆ. ದಪ್ಪ ಬೆಕ್ಕಿಗೆ ಈ ಅಪಾಯ ಹೆಚ್ಚು. "ಮೈಯಲ್ಲಿ ಕೊಬ್ಬಿದೆ, ಎರಡು ದಿನ ಬಿಟ್ಟರೆ ಏನಾಗಲ್ಲ" ಎಂದುಕೊಳ್ಳುವುದು ಅತ್ಯಂತ ಕೆಟ್ಟ ತಪ್ಪು. ಒತ್ತಾಯದಿಂದ ಸಿರಿಂಜಿನಲ್ಲಿ ಬಾಯಿಗೆ ಹಾಕಲು ಹೋಗಬೇಡಿ, ಆ ಆಹಾರದ ಮೇಲೇ ಅದಕ್ಕೆ ಅಸಹ್ಯ ಹುಟ್ಟುತ್ತದೆ.

10 ಗ್ರಾಂ ನಿಖರತೆಯ ತೂಕದ ಯಂತ್ರ ಇಡಿ. ಬಂದ ದಿನ ಕ್ಯಾರಿಯರ್ ಸಮೇತ ತೂಗಿ ಕ್ಯಾರಿಯರ್ ತೂಕ ಕಳೆಯಿರಿ, ಆಮೇಲೆ ಎರಡು ದಿನಕ್ಕೊಮ್ಮೆ. 4 ಕೆ.ಜಿ. ಬೆಕ್ಕು 200 ಗ್ರಾಂ ಇಳಿದರೆ ಅದು ಶೇ. 5, ಊಟ ಬದಲಿಸಿ ನೋಡಬೇಕಾದ ಹಂತ. 400 ಗ್ರಾಂ ಇಳಿಯುವವರೆಗೆ ಕಾಯುವಂತಿಲ್ಲ.

ಟ್ರೇ: ಮನೆಯಲ್ಲಿ ಬಳಸುವ ಲಿಟರನ್ನೇ ತರಿಸಿ, 4-5 ಸೆಂ.ಮೀ. ದಪ್ಪ ಹಾಕಿ, ದಿನಕ್ಕೆರಡು ಸಲ ಗಟ್ಟಿ ತೆಗೆಯಿರಿ. ತೆಗೆಯುವಾಗ ಉಚ್ಚೆಯ ಗಂಟು ಎಷ್ಟು, ಎಷ್ಟು ದೊಡ್ಡವು ಎಂದು ಬರೆಯಿರಿ. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಕೂತು, ತಿಣುಕಿ, ಏನೂ ಬರದೆ ಅಥವಾ ಎರಡು ಹನಿ ಬಿಟ್ಟು ಎದ್ದರೆ ಮೂತ್ರನಾಳ ಕಟ್ಟಿದೆ. ಇದನ್ನು ಮಲಬದ್ಧತೆ ಎಂದುಕೊಂಡು ಬೆಳಗಿನವರೆಗೆ ಬಿಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಮಧ್ಯರಾತ್ರಿಯಾದರೂ ಹೊರಡಿ. ಹಾಗಾಗಿ ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದೆಂದು ಮೊದಲೇ ಗೊತ್ತಿರಬೇಕು, ಮತ್ತು ಮಾಲೀಕರು ಫೋನಿಗೆ ಸಿಗದಿದ್ದರೆ ಚಿಕಿತ್ಸೆ ಕೊಡಿಸುವ ಒಪ್ಪಿಗೆ, ಎಷ್ಟು ಖರ್ಚಿನವರೆಗೆ ಎಂಬುದರ ಸಮೇತ, ಪ್ರವೇಶ ಫಾರಂನಲ್ಲೇ ಸಹಿಯಾಗಿರಬೇಕು.

ಇನ್ಸುಲಿನ್ ಬೆಕ್ಕನ್ನು ಮೊದಲ ವರ್ಷ ಬೇಡ ಎನ್ನುವುದೇ ನನ್ನ ಸಲಹೆ. ತೆಗೆದುಕೊಂಡರೆ ಸಿರಿಂಜ್ ಮಾಲೀಕರೇ ತರಲಿ, ಬಾಟಲಿ ಮತ್ತು ಸಿರಿಂಜ್ ಎರಡರ ಮೇಲೂ ಯು-40 ಅಥವಾ ಯು-100 (ಒಂದು ಮಿ.ಲೀ.ನಲ್ಲಿ 40 ಅಥವಾ 100 ಯೂನಿಟ್) ಒಂದೇ ಇದೆಯೇ ನೋಡಿ. ಯು-100 ಇನ್ಸುಲಿನನ್ನು ಯು-40 ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಹೋಗುತ್ತದೆ. ಬೆಕ್ಕು ಊಟ ಬಿಟ್ಟ ಹೊತ್ತಿನಲ್ಲಿ ವೈದ್ಯರನ್ನು ಕೇಳದೆ ಮಾಮೂಲಿ ಡೋಸ್ ಕೊಡುವಂತಿಲ್ಲ.

ಪ್ರವೇಶದ ದಿನ ಚಿಗಟ ಬಾಚಣಿಗೆಯಿಂದ ಒಮ್ಮೆ ಬಾಚಿ. ಚಿಗಟ ಸಿಕ್ಕರೆ ನಾಯಿಗೆ ಹಾಕುವ ಪರ್ಮೆಥ್ರಿನ್ ಹನಿಯನ್ನು ಯಾವ ಕಾರಣಕ್ಕೂ ಹಾಕಬೇಡಿ, ಬೆಕ್ಕಿಗೆ ಫಿಟ್ಸ್ ಬರುತ್ತದೆ. ಕಿವಿಯಂಚು, ಮೂತಿ, ಮುಂಗಾಲಿನಲ್ಲಿ ಕೂದಲುದುರಿದ ದುಂಡು ಕಲೆ ಇದ್ದರೆ ಹುಳುಕಡ್ಡಿ ಇರಬಹುದು, ಅಂಥ ಬೆಕ್ಕನ್ನು ವಾಪಸ್ ಕಳಿಸಿ. ಅದರ ಬೀಜಕಣಗಳು ಉದುರಿದ ಕೂದಲಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ, ನಿಮಗೂ ಹತ್ತುತ್ತದೆ.

ತಳಿ ದಾಖಲೆ:

ಯಾರೂ ಪಕ್ಕದ ಕೋಣೆಯ ಮಾತೆತ್ತಿಲ್ಲ. ಬೋರ್ಡಿಂಗಿಗೆ ಬೇರೆಯಾದ ರೋಗಿಕೋಣೆ ಬೇಕೇ ಬೇಕು: ಸೀನುವ, ವಾಂತಿ ಮಾಡುವ ಬೆಕ್ಕನ್ನು ಅದೇ ಗಂಟೆಯಲ್ಲಿ ಸ್ಥಳಾಂತರಿಸಲು, ಬೇರೆ ಗಾಳಿ, ಬೇರೆ ಸಿಂಕ್ ಇರುವ ಕಡೆ. ನಿಮ್ಮ ಬಳಿ ಇರುವುದು ಆ ಒಂದೇ ಕೋಣೆ. ಅದನ್ನು ಮರಿಗಳಿಗೆ ಕೊಟ್ಟರೆ ರೋಗಿಗೆ ಜಾಗವಿಲ್ಲ, ಎರಡಕ್ಕೂ ಕೊಡುವ ಮಾತೇ ಇಲ್ಲ.

ಗಬ್ಬದ ಬೆಕ್ಕಿಗೆ ಪ್ಯಾನ್‌ಲ್ಯೂಕೋಪೀನಿಯ ತಗುಲಿದರೆ ಹೊಟ್ಟೆಯಲ್ಲಿರುವ ಮರಿಗಳ ಕಿರುಮೆದುಳು ಸರಿಯಾಗಿ ಬೆಳೆಯದೇ ಹೋಗಬಹುದು. ಹಾಗೆ ಹುಟ್ಟಿದ ಮರಿ ಜೀವನವಿಡೀ ತಲೆ ಅಲ್ಲಾಡಿಸುತ್ತಾ ತೂರಾಡುತ್ತಾ ನಡೆಯುತ್ತದೆ. ಗಬ್ಬದಲ್ಲಿ ಜೀವಂತ ಲಸಿಕೆ (ದುರ್ಬಲಗೊಳಿಸಿದ ವೈರಸ್ ಇರುವಂಥದ್ದು) ಕೊಡದಿರುವುದೂ ಇದೇ ಕಾರಣಕ್ಕೆ, ಹಾಗಾಗಿ ಲಸಿಕೆಯೆಲ್ಲ ಬೆದೆಗೆ ಬಿಡುವ ಮುಂಚೆಯೇ ಮುಗಿದಿರಬೇಕು. ಇನ್ನು ಹುಟ್ಟಿದ ಮರಿಗಳ ಲಸಿಕೆ ಹಿಡಿಯುವುದು 16 ವಾರದ ಹೊತ್ತಿಗೆ ಎಂದು ಮೇಲೆ ಓದಿದಿರಿ. ವಾರಕ್ಕೊಂದು ಹೊಸ ಬೆಕ್ಕು ಬಂದು ಹೋಗುವ ಮನೆಯಲ್ಲಿ ಅಷ್ಟು ದಿನ ವೈರಸ್ಸನ್ನು ಗೋಡೆಯಾಚೆ ಇಡುವುದು ಚಪ್ಪಲಿ, ತೋಳಿನ ಬಟ್ಟೆ, ಕೈ ಮೂಲಕ ಅಡ್ಡಾಡುವ ನಿಮ್ಮಿಂದ ಆಗದ ಮಾತು.

ಎರಡೂ ಬೇಕೆಂದರೆ ಕಾಲ ಬೇರೆ ಮಾಡಬೇಕು. ಗಬ್ಬ 63-65 ದಿನ, ಅಂದರೆ 9 ವಾರ, ಮೇಲೆ ಮರಿಗಳ 16 ವಾರ: ಸೂಲಿಗೆ 25 ವಾರ ಬೋರ್ಡಿಂಗ್ ಬಂದ್. ಅರ್ಧ ವರ್ಷ ಬಾಗಿಲು ಹಾಕಿದ ಬೋರ್ಡಿಂಗ್ ನಡೆಯುವುದಿಲ್ಲ. ನಿಮ್ಮ ಬೆಕ್ಕಿಗೆ ಸಂತಾನಹರಣ ಮಾಡಿಸಿ ಮನೆಯ ಬೆಕ್ಕಾಗಿ ಸಾಕಿ, ಅಥವಾ ಬೋರ್ಡಿಂಗ್ ಬಿಟ್ಟು ತಳಿ ಕೆಲಸವನ್ನೇ ಸರಿಯಾಗಿ ಮಾಡಿ. ತಳಿ ಎಂದರೆ ಪರ್ಷಿಯನ್‌ಗೆ ಮೊದಲು ಪಿಕೆಡಿ ಡಿಎನ್‌ಎ ಪರೀಕ್ಷೆ. ಈ ಕಿಡ್ನಿ ಗುಳ್ಳೆಯ ಕಾಯಿಲೆಗೆ ತಂದೆ ತಾಯಿಯಲ್ಲಿ ಒಬ್ಬರ ಜೀನ್ ಸಾಕು, ಸರಾಸರಿ ಅರ್ಧ ಮರಿಗಳಿಗೆ ದಾಟುತ್ತದೆ. ಗಂಡು ಹೆಣ್ಣು ಎರಡಕ್ಕೂ ಲ್ಯುಕೀಮಿಯ ವೈರಸ್ ಮತ್ತು ಎಫ್‌ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ವೈರಸ್) ಪರೀಕ್ಷೆ ಆಗಿರಬೇಕು. ಉಳಿದದ್ದನ್ನು ಬೇರೆ ಪ್ರಶ್ನೆಯಾಗಿ ಹಾಕಿ, ಅದಕ್ಕೇ ಇಷ್ಟುದ್ದ ಉತ್ತರ ಬೇಕು.

ಹೊಸ ಗೂಡು:

ಬೋರ್ಡಿಂಗನ್ನೇ ಆರಿಸಿಕೊಳ್ಳುತ್ತೇನೆ, ಪಕ್ಕದ ಕೋಣೆ ರೋಗಿಕೋಣೆ. ಬೆಕ್ಕು ಬಂದಾಗ ಗೂಡಿಗೆ ಬಿಡುವ ಕ್ರಮ ಒಂದು ಹೇಳಿಬಿಡಿ.

ನಾಲ್ಕು ಕಾಲು:

ಕ್ಯಾರಿಯರಿನ ಮೇಲೆ ಬಟ್ಟೆ ಹೊದಿಸಿಯೇ ತರಲು ಮಾಲೀಕರಿಗೆ ಮುಂಚೆಯೇ ಹೇಳಿ. ಒಂದು ಬೆಕ್ಕು ಹೋಗುವ ಹೊತ್ತು, ಇನ್ನೊಂದು ಬರುವ ಹೊತ್ತು ಅರ್ಧ ಗಂಟೆ ಅಂತರದಲ್ಲಿರಲಿ, ಎರಡು ಕ್ಯಾರಿಯರ್ ಎದುರುಬದುರು ನೆಲದ ಮೇಲೆ ಕೂರಬಾರದು. ಗೂಡಿಗೆ ಮೊದಲೇ ಊಟ, ನೀರು, ಟ್ರೇ ಇಟ್ಟು, ಮನೆಯಿಂದ ತಂದ ಒಗೆಯದ ಹೊದಿಕೆಯನ್ನು ಪೆಟ್ಟಿಗೆಯೊಳಗೆ ಹಾಸಿರಿ. ನೀವು ಕ್ಯಾರಿಯರ್ ಸಮೇತ ಒಳಹೋಗಿ, ಗೂಡಿನ ಬಾಗಿಲು ಹಾಕಿ ಚಿಲಕ ಎಳೆದ ಮೇಲೆ ಕ್ಯಾರಿಯರ್ ಬಾಗಿಲು ತೆರೆಯಿರಿ. ಬೆಕ್ಕನ್ನು ಎಳೆಯಬೇಡಿ, ಬಗ್ಗಿಸಿ ಸುರಿಯಬೇಡಿ. ಕ್ಯಾರಿಯರನ್ನು ಅಲ್ಲೇ ಬಿಟ್ಟು ಬಂದರೆ ಎಷ್ಟೋ ಬೆಕ್ಕುಗಳು ಮೊದಲ ರಾತ್ರಿ ಅದರಲ್ಲೇ ಕಳೆಯುತ್ತವೆ, ಕಳೆಯಲಿ. ಹಿಂದಿರುಗುವ ದಿನವೂ ಅದೇ ಕ್ರಮ: ಗೂಡಿನೊಳಗೇ ಕ್ಯಾರಿಯರಿಗೆ ಹಾಕಿ, ಬೀಗ ಎಳೆದು ನೋಡಿ, ಆಮೇಲೆ ಓಣಿಗೆ.